ತಾಳೆಯಾಗಿದೆ

ಜೂನ್ 9, ಸೋಮವಾರ

ಹಳೆಯ ಸರ್ವರ್‌ನಿಂದ ಹೊಸದಕ್ಕೆ ಎಲ್ಲವನ್ನೂ ನಕಲು ಮಾಡುವ ಕೆಲಸ ಇವತ್ತಿಗೆ ಮುಗಿಯಿತು. ಸುಷ್ಮಿತಾ ಆಫೀಸಿಗೆಲ್ಲ ಮೈಸೂರು ಪಾಕ್ ಹಂಚಿದಳು. ನಕಲು ಮಾಡುವ ಪ್ರೋಗ್ರಾಂ ಅವಳದು, ನಕಲು ಸರಿಯಾಗಿದೆಯೇ ಎಂದು ನೋಡುವ ಪ್ರೋಗ್ರಾಂ ನನ್ನದು. ನಾನು ಸಿಹಿಯನ್ನು ಮೇಜಿನ ಮೇಲಿಟ್ಟು, ನೋಡಿ ಮುಗಿಸಿದ ಮೇಲೆ ತಿನ್ನುತ್ತೇನೆ ಎಂದೆ. ಅವಳಿಗೆ ಬೇಸರವಾಗಿರಬೇಕು. ಆಗಲಿ. ನೋಡದೆ ಸರಿ ಎನ್ನುವವಳು ನಾನಲ್ಲ. ಈ ಆಫೀಸಿನಲ್ಲಿ ನನಗಿರುವ ಹೆಸರೇ ಅದು.

ಊರಿನ ಸ್ಕ್ಯಾನ್ ಸೆಂಟರ್‌ಗಳು ತೆಗೆದ ಎಕ್ಸ್-ರೇ, ಸಿ.ಟಿ. ಚಿತ್ರಗಳೆಲ್ಲ ಸಿದ್ಧಾರ್ಥನಗರದ ನಮ್ಮ ಮಹಡಿಗೆ ಬಂದು ಸೇರುತ್ತವೆ, ಸೆಂಟರಿನವರು ತಮ್ಮಲ್ಲಿ ಪ್ರತಿ ಇಟ್ಟುಕೊಳ್ಳುವುದಿಲ್ಲ. ಬಂದ ಕೂಡಲೇ ರೋಗಿಯ ಹೆಸರು ಕಳಚಿ ಒಂದು ನಂಬರ್ ಕೊಡುತ್ತೇವೆ. ವರ್ಷಗಳಾದ ಮೇಲೆ ಯಾವ ಡಾಕ್ಟರಾದರೂ ಹಳೆಯ ಚಿತ್ರ ಕೇಳಿದರೆ ಆ ನಂಬರ್ ಹಿಡಿದು ಹುಡುಕಿ ಕಳಿಸುತ್ತೇವೆ. ಇಷ್ಟೇ ಕೆಲಸ. ಆದರೆ ಎಡವಿದರೆ ಒಬ್ಬರ ಜೀವದ ಪ್ರಶ್ನೆ.

ಶ್ರೀರಾಂಪುರದ ಮನೆಗೆ ಬಂದಾಗ ಅತ್ತೆ ಜಗುಲಿಯಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಸಿದ್ದಲಿಂಗಮ್ಮ ಎಂದು ಅವರ ಹೆಸರು, ನರಸೀಪುರದ ಕಡೆಯವರು. ವಯಸ್ಸಿನಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಕಡೆ ದುಡಿದವರು. ಕೈಬೆರಳುಗಳ ತುದಿ ಇವತ್ತಿಗೂ ಸುಕ್ಕು. ಅದೇನು ಯಾವಾಗಲೂ ನೋಡಬೇಕು, ನೋಡಬೇಕು ಅಂತೀಯ ಎಂದು ಕೇಳಿದರು. ಹೇಳಿದೆ. ಒಂದೊಂದು ಚಿತ್ರಕ್ಕೂ ಹ್ಯಾಶ್ ಎಂಬ ಒಂದು ಉದ್ದನೆಯ ಸಾಲು ಇರುತ್ತದೆ. ಅಕ್ಷರ, ಅಂಕಿ ಎಲ್ಲ ಬೆರೆತ ಸಾಲು. ಅದನ್ನು ಯಾರೂ ಕೂತು ಬರೆಯುವುದಿಲ್ಲ, ಚಿತ್ರದೊಳಗಿನ ಪ್ರತಿ ಚುಕ್ಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಪ್ರೋಗ್ರಾಂ ಹುಟ್ಟಿಸುತ್ತದೆ. ಒಂದೇ ಒಂದು ಚುಕ್ಕೆ ಬದಲಾದರೂ ಇಡೀ ಸಾಲು ಬೇರೆ. ಚಿತ್ರ ಮೊದಲ ಸಲ ಬಂದ ದಿನದ ಸಾಲು ನಮ್ಮ ಹತ್ತಿರ ಇದೆ, ಈಗ ಮತ್ತೆ ಲೆಕ್ಕ ಹಾಕಿ ಎರಡನ್ನೂ ತಾಳೆ ನೋಡುತ್ತೇವೆ ಎಂದೆ.

"ಅಂಗಂದ್ರೆ ಎಬ್ಬೆಟ್ಟು ಒತ್ತುಸ್ಕೊಂಡಂಗೆ ಅನ್ನು," ಎಂದರು ಅತ್ತೆ.

ನಕ್ಕು ಹೂಂ ಎಂದೆ.

ಜೂನ್ 12, ಗುರುವಾರ

ಪರದೆಯ ತುಂಬ ಕೆಂಪು.

ಮಿಕ್ಕಿದ್ದೆಲ್ಲ ಹಸಿರು. ಎರಡು ವರ್ಷದ ಹಿಂದಿನ ಒಂದು ಕಂತು, ಒಟ್ಟಿಗೆ ನಕಲಾದ ಒಂದು ಗುಂಪು, ಮಾತ್ರ ಪೂರ್ತಿ ಕೆಟ್ಟಿದೆ. ಎಲ್ಲ ಎದೆಯ ಚಿತ್ರಗಳು, ಸಾವಿರಗಟ್ಟಲೆ. ಒಂದರ ಹ್ಯಾಶೂ ಹಳೆಯದಕ್ಕೆ ಹೊಂದುವುದಿಲ್ಲ. ಮೊದಲು ನನ್ನ ಪ್ರೋಗ್ರಾಂನಲ್ಲೇ ತಪ್ಪಿರಬೇಕೆಂದು ಬೇರೆ ರೀತಿಯಲ್ಲಿ ಲೆಕ್ಕ ಹಾಕಿಸಿದೆ. ಅದೇ ಕೆಂಪು. ಸುಷ್ಮಿತಾ ಹಿಂದೆ ನಿಂತು ನೋಡುತ್ತಿದ್ದವಳು ತನ್ನ ಜಾಗಕ್ಕೆ ಹೋಗಿ ಕೂತಳು.

ಇಬ್ಬರೂ ಸೇರಿ ಸುಮಾರು ಚಿತ್ರಗಳನ್ನು ತೆರೆದು ನೋಡಿದೆವು. ಎಲ್ಲವೂ ತೆರೆದುಕೊಂಡವು, ಎಲ್ಲವೂ ಸ್ಪಷ್ಟ. ಬಿಳಿ ಪಕ್ಕೆಲುಬು, ಕಪ್ಪು ಶ್ವಾಸಕೋಶ. ಒಂದು ಗೆರೆ ಕೂಡ ಹರಿದಿಲ್ಲ. ಕೆಟ್ಟ ಫೈಲ್ ಅಂದರೆ ಹೀಗಿರುವುದಿಲ್ಲ. ಅದೇ ನನಗೆ ಹಿಡಿಸದ್ದು. ಕೆಟ್ಟಿದ್ದರೆ ಕೆಟ್ಟಹಾಗೆ ಕಾಣಬೇಕಿತ್ತು.

ಮ್ಯಾನೇಜರ್ ಮಹದೇವಸ್ವಾಮಿ ಸರ್‌ಗೆ ತೋರಿಸಿದೆ. ಹೊಸ ಸರ್ವರ್ ಫೈಲುಗಳನ್ನು ಒತ್ತಿ ಚಿಕ್ಕದು ಮಾಡುತ್ತದೆ, ಅದರಿಂದ ಹೀಗಾಗಿರಬಹುದು ಎಂದರು. ಹಾಗಿದ್ದರೆ ಎಲ್ಲ ಕಂತುಗಳೂ ಕೆಂಪಾಗಬೇಕಿತ್ತು, ಇದೊಂದೇ ಏಕೆ ಎಂದೆ. ಹಳೆಯ ಸರ್ವರ್‌ನಿಂದ ಈ ಕಂತನ್ನು ಮತ್ತೆ ನಕಲು ಮಾಡೋಣ ಎಂದೆ, ಆಗಲಿ ಎಂದರು.

ಮೈಸೂರು ಪಾಕಿಗೆ ಇರುವೆ ಹತ್ತಿತ್ತು. ಎಸೆದೆ.

ಜೂನ್ 17, ಮಂಗಳವಾರ

ಹಳೆಯ ಸರ್ವರ್ ಕೈಕೊಡುತ್ತಿದೆ. ಮತ್ತೆ ನಕಲು ಶುರು ಮಾಡಿದರೆ ಸ್ವಲ್ಪ ಹೊತ್ತು ಓಡುತ್ತದೆ, ಆಮೇಲೆ ಮುಷ್ಕರ ಹೂಡಿದ ಹಾಗೆ ನಿಂತುಬಿಡುತ್ತದೆ. ಈ ವೇಗದಲ್ಲಿ ವಾರಗಟ್ಟಲೆ ಬೇಕು. ಅದು ಬಾಡಿಗೆ ಸರ್ವರ್, ತಿಂಗಳ ಕೊನೆಗೆ ವಾಪಸ್ ಹೋಗಬೇಕು. ಸೋಮವಾರ ಬೇರೆ ಆಡಿಟ್‌. ಒಂದು ದೊಡ್ಡ ಆಸ್ಪತ್ರೆಯವರು ತಮ್ಮ ಚಿತ್ರಗಳನ್ನು ನಮಗೆ ವಹಿಸುವ ಮುಂಚೆ ನಮ್ಮ ವ್ಯವಸ್ಥೆಯನ್ನು ಪರೀಕ್ಷಿಸಲು ಜನ ಕಳಿಸುತ್ತಿದ್ದಾರೆ.

ಮಧ್ಯಾಹ್ನ ಸರ್ ನನ್ನೊಬ್ಬಳನ್ನೇ ಕರೆದರು. ಬಾಗಿಲು ಹಾಕಲು ಹೇಳಿದರು.

"ನೋಡೀಮ್ಮ ಭಾನುಪ್ರಿಯಾ, ಚಿತ್ರ ತೆರೀತದೆ. ಡಾಕ್ಟ್ರಿಗೆ ಬೇಕಾಗಿರೋದು ಚಿತ್ರ. ಹ್ಯಾಶು ಯಾರೂ ನೋಡಲ್ಲ."

"ಆಡಿಟ್‌ನೋರು ನೋಡ್ತಾರೆ ಸರ್."

"ಅದಕ್ಕೇ ಕರೆದದ್ದು."

ಆ ಕಂತಿನಲ್ಲಿ ಈಗಿರುವ ಚಿತ್ರಗಳಿಗೆ ಹೊಸದಾಗಿ ಹ್ಯಾಶ್ ತೆಗೆದು ಹಳೆಯ ಸಾಲುಗಳ ಜಾಗದಲ್ಲಿ ಬರೆಯಬೇಕಂತೆ. ಆಗ ಎಲ್ಲ ಹಸಿರಾಗುತ್ತದೆ. ಆಡಿಟ್ ಮುಗಿದ ಮೇಲೆ ನಿಧಾನವಾಗಿ ಮತ್ತೆ ನಕಲು ಮಾಡಿಕೊಳ್ಳೋಣ, ಹಳೆಯ ಸರ್ವರ್ ಬಾಡಿಗೆಯನ್ನು ಇನ್ನೊಂದು ತಿಂಗಳು ಮುಂದುವರಿಸೋಣ ಎಂದರು. ಅವರು ಜೋರು ಮಾಡುವವರಲ್ಲ, ಬೇಡಿಕೊಳ್ಳುವ ಹಾಗೆ ಕೇಳಿದರು. ಚಿತ್ರವನ್ನು ನೋಡಿ ಸಾಲು ಬರೆದುಕೊಂಡು, ಅದೇ ಸಾಲಿಗೆ ಅದೇ ಚಿತ್ರವನ್ನು ತಾಳೆ ನೋಡಿದರೆ ಅದನ್ನು ಪರೀಕ್ಷೆ ಎನ್ನುವುದಿಲ್ಲ, ನಾನು ಮಾಡುವುದಿಲ್ಲ ಎಂದೆ.

ಮನೆಯಲ್ಲಿ ನನ್ನ ಗಂಡ ಮನೋಹರ್‌ಗೆ ಹೇಳಿದೆ. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಅವರು, ಅವರಿಗೆ ಎಲ್ಲವೂ ಆಟದ ನಿಯಮದ ಹಾಗೆ. ನೀನು ಹೇಳಿದ್ದೇ ಸರಿ, ಗಟ್ಟಿಯಾಗಿ ನಿಂತುಕೋ ಎಂದರು.

ಜೂನ್ 20, ಶುಕ್ರವಾರ

ಬರೆದೆ.

ಇದನ್ನು ಸರಿಯಾಗಿ ದಾಖಲಿಸಬೇಕು, ಇಲ್ಲದಿದ್ದರೆ ನಾಳೆ ನನಗೇ ಬೇರೆ ಥರ ನೆನಪಾಗುತ್ತದೆ. ಬೆಳಿಗ್ಗೆ ಸುಷ್ಮಿತಾ ಬಂದು ಪಕ್ಕದಲ್ಲಿ ಕೂತಳು. ಕಣ್ಣು ಊದಿಕೊಂಡಿತ್ತು. ಆಡಿಟ್‌ನಲ್ಲಿ ಕೆಂಪು ಬಂದರೆ ಮೊದಲು ಹೋಗುವುದು ತಾನೇ, ನಕಲಿನ ಪ್ರೋಗ್ರಾಂ ತನ್ನದಲ್ಲವಾ ಎಂದಳು. ಅವಳ ಅಪ್ಪ ಹಾಸಿಗೆ ಹಿಡಿದಿದ್ದಾರೆ. ನನ್ನಿಂದ ಏನೂ ಕೇಳಲಿಲ್ಲ. ಎದ್ದು ಹೋದಳು. ಕೇಳಿದ್ದರೆ ಇಲ್ಲ ಎನ್ನುವುದು ಸುಲಭವಿತ್ತು.

ಹಾಗಾಗಿ ಸರ್ ಹೇಳಿದಂತೆ ಹೊಸ ಸಾಲುಗಳನ್ನು ಬರೆದೆ. ಆದರೆ ಹಳೆಯ ಸಾಲುಗಳನ್ನು ಅಳಿಸಿಲ್ಲ. ಸರ್‌ಗೆ ಹೇಳಿಯೇ ಅವುಗಳ ಒಂದು ಪ್ರತಿಯನ್ನು ನನ್ನ ಕಂಪ್ಯೂಟರಿನಲ್ಲಿ ಬೇರೆಯಾಗಿ ಇಟ್ಟುಕೊಂಡಿದ್ದೇನೆ. ಆಡಿಟ್ ಮುಗಿದ ಮೇಲೆ ಚಿತ್ರಗಳನ್ನು ಮತ್ತೆ ನಕಲು ಮಾಡಿ, ಹಳೆಯ ಸಾಲುಗಳನ್ನು ಮತ್ತೆ ಕೂರಿಸಿದರೆ ಯಾರಿಗೂ ಏನೂ ಆಗಿರುವುದಿಲ್ಲ. ಇದು ತಾತ್ಕಾಲಿಕ ವ್ಯವಸ್ಥೆ, ಅಷ್ಟೇ.

ಮನೋಹರ್ ಏನಾಯಿತು ಎಂದು ಕೇಳಿದರು. ಏನೋ ದಾರಿ ಸಿಕ್ಕಿತು ಎಂದೆ. ಅದು ಸುಳ್ಳಲ್ಲ.

ಜೂನ್ 23, ಸೋಮವಾರ

ಆಡಿಟ್‌ನವರು ನಮ್ಮ ನಮ್ಮ ಕಂಪ್ಯೂಟರುಗಳನ್ನೂ ನೋಡಬಹುದು, ಆ ಪ್ರತಿ ಇದ್ದರೆ ನೂರು ಪ್ರಶ್ನೆ ಬರುತ್ತದೆ ಎಂದು ಸರ್ ಬೆಳಿಗ್ಗೆಯೇ ಫೋನು ಮಾಡಿದರು. ಅಳಿಸಿಬಿಟ್ಟೆ. ಹೇಗೂ ಹಳೆಯ ಸರ್ವರ್ ಇದೆಯಲ್ಲ, ಅದರಲ್ಲಿ ಮೂಲ ಚಿತ್ರಗಳೇ ಇವೆ.

ಎಲ್ಲ ಹಸಿರು. ಬಂದವರಲ್ಲಿ ಒಬ್ಬರು ನನ್ನ ಪ್ರೋಗ್ರಾಂ ನೋಡಿ, ಇಷ್ಟು ಅಚ್ಚುಕಟ್ಟಾಗಿ ಪರೀಕ್ಷೆ ಮಾಡುವ ಕಂಪನಿ ಕಡಿಮೆ ಎಂದು ಹೊಗಳಿದರು. ಸರ್ ಎಲ್ಲರನ್ನೂ ಊಟಕ್ಕೆ ಕರೆದುಕೊಂಡು ಹೋದರು. ಸುಷ್ಮಿತಾ ನನ್ನ ಪಕ್ಕದಲ್ಲೇ ಕೂತು ತನ್ನ ಎಲೆಯ ಹೋಳಿಗೆಯನ್ನೂ ನನಗೆ ಬಡಿಸಿದಳು. ತಿಂದೆ.

ಜುಲೈ 4, ಶುಕ್ರವಾರ

ಆಷಾಢ ಶುಕ್ರವಾರ. ಬೆಟ್ಟದ ದೇವಿಯ ದರ್ಶನಕ್ಕೆ ಹೋಗುವವರ ಗಾಡಿಗಳಿಂದ ರಸ್ತೆಯೆಲ್ಲ ಕಟ್ಟಿಹೋಗಿ ಆಫೀಸು ತಲುಪುವುದು ತಡವಾಯಿತು. ಹೋದವಳೇ ಮತ್ತೆ ನಕಲು ಶುರು ಮಾಡೋಣವೆಂದು ಸರ್ವರ್ ಕೋಣೆಗೆ ಹೋದರೆ ಹಳೆಯ ಸರ್ವರ್ ಇದ್ದ ಜಾಗ ಖಾಲಿ. ನೆಲದ ಮೇಲೆ ನಾಲ್ಕು ಕಾಲಿನ ಗುರುತು, ಸುತ್ತ ಧೂಳು.

ಬಾಡಿಗೆಯವರು ಸೋಮವಾರವೇ ಒಯ್ದರಂತೆ. ಕರಾರಿನ ಪ್ರಕಾರ ಅದರಲ್ಲಿದ್ದ ಎಲ್ಲವನ್ನೂ ಇಲ್ಲೇ ಅಳಿಸಿ ಒಯ್ದಿದ್ದಾರೆ. ಹೇಳಲಿಲ್ಲವಲ್ಲ ಸರ್ ಎಂದೆ. ನೀವು ಕೇಳಲಿಲ್ಲವಲ್ಲಮ್ಮ ಎಂದರು. ನಿಜ, ಈ ವಾರ ಕೇಳಿರಲಿಲ್ಲ. ಹೊಸ ಆಸ್ಪತ್ರೆಯ ಕೆಲಸ ತಲೆಗೆ ಹತ್ತಿಕೊಂಡಿತ್ತು.

ಚಿತ್ರಗಳು ತೆರೆಯುತ್ತವೆ, ಸ್ಪಷ್ಟವಾಗಿವೆ. ಸರ್ ಹೇಳಿದ್ದರಲ್ಲೂ ಅರ್ಥವಿದೆ.

ಜುಲೈ 22, ಮಂಗಳವಾರ

ಲಷ್ಕರ್ ಮೊಹಲ್ಲಾದ ಸ್ಕ್ಯಾನ್ ಸೆಂಟರ್‌ನಿಂದ ಅಮರ್ ಫೋನು ಮಾಡಿದ್ದ. ಅಲ್ಲಿಯ ಟೆಕ್ನಿಷಿಯನ್, ಸಾವಧಾನದ ಮನುಷ್ಯ. ನಮಗೆ ಬರುವ ಚಿತ್ರಗಳಲ್ಲಿ ಅವನು ಕಳಿಸಿದವು ಯಾವಾಗಲೂ ಸರಿಯಾಗಿರುತ್ತವೆ.

"ಮೇಡಂ, ಒಬ್ರು ಯಜಮಾನ್ರ ಹಳೇ ಎಕ್ಸ್-ರೇ ಕಳ್ಸಿದ್ರಲ್ಲ, ಅದ್ರಲ್ಲಿ ಪೇಸ್‌ಮೇಕರ್ ಅದೆ. ಅವ್ರು ನೋಡಿದ್ರೆ ನಂಗೆ ಯಾವತ್ತೂ ಏನೂ ಆಕಿಲ್ಲ ಕಣಪ್ಪ ಅಂತವ್ರೆ. ಅಂಗಿ ಬಿಚ್ಚಿ ತೋರ್ಸುದ್ರು ಮೇಡಂ. ಗಾಯದ ಗುರುತೂ ಇಲ್ಲ."

ನಂಬರ್ ಬರೆದುಕೊಂಡು ನೋಡಿ ಹೇಳುತ್ತೇನೆ ಎಂದೆ. ಆ ನಂಬರ್ ಯಾವ ಕಂತಿನದು ಎಂದು ನೋಡುವ ಮೊದಲೇ ನನಗೆ ಗೊತ್ತಾಗಿತ್ತು.

ಜುಲೈ 23, ಬುಧವಾರ

ಸುಷ್ಮಿತಾಳ ಪ್ರೋಗ್ರಾಂ ಅನ್ನು ಮೊದಲಿಂದ ಕೊನೆಯವರೆಗೂ ಓದಿದೆ. ವೇಗಕ್ಕಾಗಿ ಒಂದೇ ಸಲಕ್ಕೆ ಹಲವು ಚಿತ್ರಗಳನ್ನು ನಕಲು ಮಾಡಿಸಿದ್ದಾಳೆ. ಆ ಕಂತಿನ ದಿನ ಹಳೆಯ ಸರ್ವರ್ ನಿಧಾನವಾಗಿ, ಯಾವ ಚಿತ್ರ ಮೊದಲು ಮುಗಿಯಿತೋ ಅದಕ್ಕೆ ಸಾಲಿನಲ್ಲಿ ಮುಂದಿದ್ದ ನಂಬರ್ ಸಿಕ್ಕಿದೆ. ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಅವಸರದಲ್ಲಿ ಯಾರದನ್ನೋ ಯಾರೋ ಮೆಟ್ಟಿಕೊಂಡು ಹೋದಹಾಗೆ. ಚಿತ್ರಗಳು ಯಾವುವೂ ಕೆಟ್ಟಿಲ್ಲ. ಎಲ್ಲವೂ ಇವೆ. ಆದರೆ ಒಬ್ಬರ ನಂಬರಿನಲ್ಲಿ ಇನ್ನೊಬ್ಬರ ಎದೆ ಇದೆ.

ಒಂದು ವಿಷಯವನ್ನು ಬರೆಯಲೇಬೇಕು. ಕೆಂಪು ಬಂದ ದಿನ ನಾನು ಆ ಹೊಸ ಹ್ಯಾಶನ್ನು ಹಿಡಿದು ಹಳೆಯ ಸಾಲುಗಳಲ್ಲೆಲ್ಲಾದರೂ ಇದೆಯೇ ಎಂದು ಹುಡುಕಿದ್ದರೆ, ಅದು ಯಾರ ಚಿತ್ರ ಎಂದು ನೇರವಾಗಿ ಹೇಳಿಬಿಡುತ್ತಿತ್ತು. ಅರ್ಧ ದಿನದ ಕೆಲಸ. ಎಲ್ಲವನ್ನೂ ಅವರವರ ಜಾಗಕ್ಕೆ ಕೂರಿಸಬಹುದಿತ್ತು. ಈಗ ಹಳೆಯ ಸಾಲುಗಳು ಎಲ್ಲೂ ಇಲ್ಲ. ಯಾರದು ಯಾರದೆಂದು ಹೇಳುವುದು ಲೋಕದಲ್ಲಿ ಯಾವುದೂ ಉಳಿದಿಲ್ಲ.

ಸರ್‌ಗೆ ಹೇಳಿದೆ. ಬಹಳ ಹೊತ್ತು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಿದ್ದರು. ಆಮೇಲೆ, ಎಲ್ಲ ಸೆಂಟರ್‌ಗಳಿಗೂ ಹೇಳಿದರೆ ನಾಳೆಗೇ ಬಾಗಿಲು ಮುಚ್ಚಬೇಕಾಗುತ್ತದೆ ಎಂದರು. ಎರಡು ವರ್ಷದ ಹಿಂದಿನ ಚಿತ್ರ ಎಷ್ಟು ಜನ ಕೇಳುತ್ತಾರೆ? ಕೇಳಿದರೂ ಹೆಚ್ಚಿನವರು ಆರೋಗ್ಯವಾಗಿರುವವರೇ. ಈ ಒಂದು ಕೇಸಿಗೆ, ಸೆಂಟರಿನವರೇ ಹೆಸರು ತಪ್ಪಾಗಿ ಹಾಕಿರಬೇಕು ಎಂದು ಉತ್ತರ ಕಳಿಸಲು ಹೇಳಿದರು. ಉತ್ತರ ಕಳಿಸಲಾಯಿತು. ಅಮರ್ ಫೋನಿನಲ್ಲಿ, ಇಲ್ಲ ಮೇಡಂ, ನಾನು ನೋಡೇ ಹಾಕ್ತೀನಿ ಎಂದ. ಎಲ್ಲರಿಗೂ ಒಂದೊಂದು ಸಲ ಆಗುತ್ತದೆ ಎಂದು ಸಮಾಧಾನ ಹೇಳಿದೆ.

ಸುಷ್ಮಿತಾಗೆ ಹೇಳಲಿಲ್ಲ. ಪಾಪ, ಅವಳಿಗೆ ಯಾಕೆ.

ಅತ್ತೆಯದೂ ಆ ಕಂತಿನಲ್ಲೇ ಇದೆ ಎಂದು ಸಂಜೆ ಬಸ್ಸಿನಲ್ಲಿ ಹೊಳೆಯಿತು. ಎರಡು ವರ್ಷದ ಹಿಂದೆ ಜ್ವರ ಹಿಡಿದು ಬಿಡದೆ ಇದ್ದಾಗ ಅಮರ್‌ನ ಸೆಂಟರಿನಲ್ಲೇ ಎದೆಯ ಸಿ.ಟಿ. ತೆಗೆಸಿದ್ದೆವು. ಏನೂ ಇಲ್ಲ ಎಂದಿದ್ದರು. ಅದು ಮುಗಿದ ಕಥೆ.

ಆಗಸ್ಟ್ 11, ಸೋಮವಾರ

ಅತ್ತೆಗೆ ಕೆಮ್ಮು. ಆಷಾಢದ ಗಾಳಿಗೆ ಹಿಡಿದದ್ದು ಇನ್ನೂ ಬಿಟ್ಟಿಲ್ಲ. ಮನೋಹರ್ ಒತ್ತಾಯ ಮಾಡಿ ಡಾ. ಪದ್ಮಾವತಿಯವರ ಹತ್ತಿರ ಕರೆದುಕೊಂಡು ಹೋದರು. ಎದೆಯ ಡಾಕ್ಟರ್‌, ನಿಧಾನವಾಗಿ ಕೇಳಿಸಿಕೊಳ್ಳುವವರು. ಹೊಸದಾಗಿ ಸಿ.ಟಿ. ಮಾಡಿಸಿ ಎಂದರು. ಮಾಡಿಸಿದರೆ ಬಲಗಡೆ ಮೇಲೆ ಒಂದು ಗಂಟಿನಂಥದು ಕಾಣಿಸಿದೆ. ಹಿಂದೆ ಯಾವಾಗಲಾದರೂ ತೆಗೆಸಿದ್ದೀರಾ ಎಂದು ಕೇಳಿದರು. ಮನೋಹರ್ ಕೂಡಲೇ, ಹೂಂ ಡಾಕ್ಟ್ರೇ, ಎರಡು ವರ್ಷದ ಹಿಂದೆ, ಅದು ಇವಳ ಆಫೀಸಿನಲ್ಲೇ ಇದೆ ಎಂದರು.

ಆಗಸ್ಟ್ 14, ಗುರುವಾರ

ಹಳೆಯ ಚಿತ್ರ ತರಿಸಿಕೊಂಡು ನೋಡಿದ್ದಾರೆ. ಅದರಲ್ಲೂ ಬಲಗಡೆ ಮೇಲೆ ಅಂಥದೇ ಗಂಟು, ಅಷ್ಟೇ ದೊಡ್ಡದು.

"ಎರಡು ವರ್ಷದಿಂದ ಬೆಳೆದೇ ಇಲ್ಲ ಅಂದ್ರೆ ಅದು ಕೆಟ್ಟದ್ದಲ್ಲ," ಎಂದರು ಡಾಕ್ಟರ್‌. "ನಮ್ಮ ಕಡೆ ಹಳೇ ಟಿ.ಬಿ. ಮಾಗಿರೋ ಗುರುತು ಎಷ್ಟೋ ಜನಕ್ಕೆ ಇದೇ ಜಾಗದಲ್ಲಿ ಇರ್ತದೆ. ಆಗ ರಿಪೋರ್ಟಿನಲ್ಲಿ ಬರೆಯೋದು ಬಿಟ್ಟಿದ್ದಾರೆ ಅಷ್ಟೇ. ಏನೂ ಮಾಡೋದು ಬೇಡ. ಕೆಮ್ಮಿಗೆ ಔಷಧಿ ಕೊಡ್ತೀನಿ, ಬೇಕಾದ್ರೆ ವರ್ಷ ಬಿಟ್ಟು ಬನ್ನಿ."

ಮನೋಹರ್ ಹೊರಗೆ ಬಂದು ಗಾಡಿಯ ಮೇಲೆ ಕೈಯೂರಿ ನಿಂತು ಕಣ್ಣು ಒರೆಸಿಕೊಂಡರು. ದಾರಿಯಲ್ಲಿ ಹೋಟೆಲಿಗೆ ಕರೆದುಕೊಂಡು ಹೋದರು. ಅತ್ತೆ ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ತಿಂದರು. ಇಷ್ಟಕ್ಕೆಲ್ಲ ಯಾಕೆ ದುಡ್ಡು ಸುರ್ದ್ರಿ, ನಂಗೇನಾಗದೆ ಅಂತ ಎಂದು ಬೈದರು. ನಾನು ಕಾಫಿ ಮಾತ್ರ ಕುಡಿದೆ.

ಆಗಸ್ಟ್ 16, ಶನಿವಾರ

ಅದು ಅತ್ತೆಯ ಚಿತ್ರವೇ ಇದ್ದರೂ ಇರಬಹುದು. ಕೆಲವಕ್ಕಾದರೂ ಅವರವರ ನಂಬರೇ ಸಿಕ್ಕಿರಬೇಕಲ್ಲ.

ಇಲ್ಲ. ಒಂದರ ಹ್ಯಾಶೂ ಹೊಂದಿರಲಿಲ್ಲ. ನಾನೇ ನೋಡಿದ್ದೇನೆ.

ಆಗಸ್ಟ್ 19, ಮಂಗಳವಾರ

ಆಫೀಸಿನಲ್ಲಿ ಎಲ್ಲರೂ ಊಟಕ್ಕೆ ಹೋದಾಗ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ತೆರೆದೆ. ನನಗೆ ಡಾಕ್ಟರಿಕೆ ಬರುವುದಿಲ್ಲ, ಗಂಟಿನ ಕಡೆ ನೋಡಲಿಲ್ಲ. ಪಕ್ಕೆಲುಬು ನೋಡಿದೆ. ನಮ್ಮ ಮದುವೆಯಾದ ಹೊಸದರಲ್ಲಿ, ಹಳೆಯ ಸಿ.ಟಿ.ಗಿಂತ ಎಷ್ಟೋ ಮೊದಲು, ಮನೋಹರ್ ಓಡಿಸುತ್ತಿದ್ದ ಸ್ಕೂಟರಿನಿಂದ ಅತ್ತೆ ಬಿದ್ದು, ಬಲಗಡೆ ಎರಡು ಪಕ್ಕೆಲುಬು ಮುರಿದು ಎಷ್ಟೋ ದಿನ ಮಲಗಿದ್ದರು. ಹೊಸ ಚಿತ್ರದಲ್ಲಿ ಆ ಎರಡೂ ಕಡೆ ಮೂಳೆ ಕೂಡಿಕೊಂಡ ಗುಬ್ಬು ಕಾಣುತ್ತದೆ. ಹಳೆಯದರಲ್ಲಿ ಪಕ್ಕೆಲುಬುಗಳು ನುಣ್ಣಗಿವೆ.

ಯಾರೋ ಬೇರೆ ಹೆಂಗಸು. ಆ ಗಂಟು ಆಕೆಯದು. ಅತ್ತೆಯ ಗಂಟು ಹೊಸದು, ಈ ಎರಡು ವರ್ಷದೊಳಗೆ ಬೆಳೆದದ್ದು.

ಆಗಸ್ಟ್ 21

ಕೆಮ್ಮು ಕಡಿಮೆ.

ಆಗಸ್ಟ್ 24

ಹೇಳಬೇಕು. ಹೇಗೆ ಹೇಳುವುದು ಎಂಬುದೇ ಪ್ರಶ್ನೆ. ನಿಜ ಹೇಳಿದರೆ ಅದು ಅತ್ತೆಯೊಬ್ಬರಲ್ಲಿ ನಿಲ್ಲುವುದಿಲ್ಲ.

ಆಗಸ್ಟ್ 28, ಗುರುವಾರ

ನಿನ್ನೆ ಗಣಪತಿ ಹಬ್ಬ. ಕಡುಬಿಗೆ ಹಿಟ್ಟು ಕಲೆಸುತ್ತಿದ್ದ ಅತ್ತೆ ಕೆಮ್ಮುತ್ತ ಹಿತ್ತಲಿಗೆ ಹೋದರು. ಬರುವಾಗ ಸೆರಗಿನ ತುದಿಯನ್ನು ಮುದುರಿ ಹಿಡಿದಿದ್ದರು. ಬಿಡಿಸಿ ನೋಡಿದೆ, ರಕ್ತ. ಒಂದೆರಡು ತೊಟ್ಟು, ಅಷ್ಟೇ.

"ಹಬ್ಬದ್ ದಿನ ಮನೋರನಿಗೆ ಹೇಳ್ಬೇಡ ಕಣಮ್ಮ," ಎಂದರು. "ಡಾಕ್ಟ್ರಮ್ಮನೇ ಏನಿಲ್ಲ ಅಂದವ್ಳಲ್ಲ. ಗಂಟ್ಲು ಕೆರ್ದದೆ, ಅಷ್ಟೇಯ."

ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೌದು ಎನ್ನಲಿ ಎಂದು ಕಾಯುತ್ತಿದ್ದರು. ಹೌದು ಅತ್ತೆ ಎಂದೆ.

ಸೆಪ್ಟೆಂಬರ್ 1, ಸೋಮವಾರ

ಒಬ್ಬಳೇ ಡಾ. ಪದ್ಮಾವತಿಯವರ ಹತ್ತಿರ ಹೋಗಿದ್ದೆ. ಎರಡೂ ಚಿತ್ರಗಳನ್ನು ತೆರೆಸಿ ಪಕ್ಕೆಲುಬು ತೋರಿಸಿದೆ. ಅವರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಪರದೆಯ ಹತ್ತಿರಕ್ಕೆ ಬಂದು ನೋಡಿದರು.

"ಇದು ಇವರದಲ್ಲ," ಎಂದರು. "ಇದನ್ನ ನಂಬ್ಕೊಂಡು ನಾನು ಮನೆಗೆ ಕಳಿಸಿದ್ದೀನಲ್ಲ. ಇದು ಎಲ್ಲಿ ಬದಲಾಯ್ತು?"

ಬಾಯಿಗೆ ಬಂದಿತ್ತು. ಆ ಗಳಿಗೆಯಲ್ಲಿ ಎಲ್ಲವನ್ನೂ ಹೇಳಿಬಿಡಬಹುದಿತ್ತು ಎಂದು ಈಗ ಅನಿಸುತ್ತದೆ. ಆದರೆ ಮೊದಲು ಅತ್ತೆಯ ಕೆಲಸ ಆಗಬೇಕಿತ್ತು. ಎಲ್ಲ ಹೇಳಲು ಹೊರಟರೆ ಪೊಲೀಸು, ಗಲಾಟೆ, ಅತ್ತೆಯ ಚಿಕಿತ್ಸೆಯೇ ಹಿಂದೆ ಬೀಳುತ್ತಿತ್ತು.

"ಸೆಂಟರ್‌ನಲ್ಲೇ ಆಗಿರಬೇಕು ಮೇಡಂ," ಎಂದೆ. "ಜುಲೈನಲ್ಲೂ ಅಲ್ಲಿಂದ ಹೀಗೇ ಒಂದು ಹೆಸರು ತಪ್ಪಾಗಿ ಬಂದಿತ್ತು."

ಅವರು ಆ ಕೂಡಲೇ ಗಂಟಿನ ಚೂರನ್ನು ಸೂಜಿಯಿಂದ ತೆಗೆದು ನೋಡುವ ಪರೀಕ್ಷೆಗೆ ಬರೆದುಕೊಟ್ಟರು. ಆಮೇಲೆ ನನ್ನ ಎದುರಿಗೇ ಲಷ್ಕರ್ ಮೊಹಲ್ಲಾದ ಸೆಂಟರಿನ ಮಾಲೀಕರಿಗೆ ಫೋನು ಮಾಡಿದರು.

ಸೆಪ್ಟೆಂಬರ್ 5, ಶುಕ್ರವಾರ

ಅಮರ್‌ನನ್ನು ಕೆಲಸದಿಂದ ತೆಗೆದಿದ್ದಾರೆ. ಬೆಳಿಗ್ಗೆಯಿಂದ ನಾಲ್ಕೈದು ಸಲ ಫೋನು ಮಾಡಿದ್ದ. ಕೊನೆಗೆ ಎತ್ತಿದೆ.

"ಮೇಡಂ, ನಾನು ಸರಿಯಾಗೇ ಹಾಕಿದ್ದೆ. ನಿಮ್ಮಲ್ಲಿ ಆ ಹ್ಯಾಶು ಗೀಶು ಎಲ್ಲ ಇರ್ತದಂತಲ್ಲ, ನಾನು ಕಳ್ಸಿದ್ ದಿನದ್ದು. ಅದೊಂದು ನೋಡಿ ಹೇಳ್ಬುಡಿ. ನಾನೇ ತಪ್ಪು ಅಂತ ಬಂದ್ರೆ ಒಪ್ಕೊಂಡ್ಬುಡ್ತೀನಿ."

ನೋಡಿದೆ ಅಮರ್, ತಾಳೆಯಾಗಿದೆ, ನಮ್ಮಲ್ಲಿ ಏನೂ ಬದಲಾಗಿಲ್ಲ ಎಂದೆ. ಅದೂ ನಿಜವೇ, ಪರದೆಯಲ್ಲಿ ಹಾಗೇ ಇದೆ. ಹಂಗಾದ್ರೆ ನಂದೇ ಇರ್ಬೇಕು ಮೇಡಂ ಎಂದು ಫೋನು ಇಟ್ಟ.

ಒಳ್ಳೆಯ ಕೆಲಸಗಾರ. ಊರಿನಲ್ಲಿ ಬೀದಿಗೊಂದು ಸ್ಕ್ಯಾನ್ ಸೆಂಟರ್ ಇದೆ, ಎಲ್ಲಾದರೂ ಸಿಗುತ್ತದೆ.

ಸೆಪ್ಟೆಂಬರ್ 9, ಮಂಗಳವಾರ

ಕ್ಯಾನ್ಸರ್. ಆದರೆ ಇನ್ನೂ ಒಂದೇ ಕಡೆ ಇದೆ, ಹರಡಿಲ್ಲ, ಅಷ್ಟನ್ನು ಕತ್ತರಿಸಿ ತೆಗೆದರೆ ಸಾಕಾಗಬಹುದು ಎಂದಿದ್ದಾರೆ. ಒಂದು ವರ್ಷ ಬಿಟ್ಟು ಬಂದಿದ್ದರೆ ಏನೂ ಮಾಡುವಂತಿರಲಿಲ್ಲ ಎಂದರು.

ಮನೋಹರ್ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ ಜನರೆಲ್ಲ ನೋಡುತ್ತಿದ್ದರು. ಪಕ್ಕೆಲುಬು ನೋಡಬೇಕು ಅಂತ ನಿನಗೆ ಹೊಳೆದದ್ದಾದರೂ ಹೇಗೆ ಎಂದು ಮತ್ತೆ ಮತ್ತೆ ಕೇಳಿದರು. ನನಗೆ ಅಭ್ಯಾಸ, ಎಲ್ಲವನ್ನೂ ಎರಡು ಸಲ ನೋಡುತ್ತೇನೆ ಎಂದೆ.

ಸೆಪ್ಟೆಂಬರ್ 18, ಗುರುವಾರ

ಆಪರೇಷನ್ ಆಯಿತು. ಬಲ ಶ್ವಾಸಕೋಶದ ಮೇಲಿನ ಭಾಗ ತೆಗೆದಿದ್ದಾರೆ. ಎಚ್ಚರವಾದ ಮೇಲೆ ಮೊದಲು ಕೇಳಿದ್ದು, ಮನೆಗೆ ಬೀಗ ಹಾಕಿದ್ದೀರ ತಾನೇ ಎಂದು.

ಸೆಪ್ಟೆಂಬರ್ 29, ಸೋಮವಾರ

ಅತ್ತೆ ಮನೆಗೆ ಬಂದು ನಾಲ್ಕು ದಿನ. ನೆಂಟರು ಬಂದು ಹೋಗುತ್ತಿದ್ದಾರೆ. ಬಂದವರಿಗೆಲ್ಲ ಅತ್ತೆ ನನ್ನನ್ನು ತೋರಿಸಿ, ಇವ್ಳು ನೋಡ್ದೆ ಓಗಿದ್ರೆ ನಾನು ಮಣ್ಣಾಗೋಯ್ತಿದ್ದೆ ಎನ್ನುತ್ತಾರೆ. ಪಕ್ಕದ ಮನೆಯ ಪಾರ್ವತಮ್ಮ ನನ್ನ ತಲೆ ನೇವರಿಸಿ, ಸೊಸೆ ಅಂದ್ರೆ ಹಿಂಗಿರ್ಬೇಕು ಕಣಮ್ಮ ಎಂದರು. ನನಗೆ ಅಳು ಬಂತು. ತಿಂಗಳುಗಳಿಂದ ಹಿಡಿದಿಟ್ಟದ್ದೆಲ್ಲ ಹೋದಹಾಗಾಯಿತು.

ಆ ಇನ್ನೊಬ್ಬ ಹೆಂಗಸು, ನುಣ್ಣನೆಯ ಪಕ್ಕೆಲುಬಿನವಳು, ಯಾರೋ. ಅತ್ತೆಯ ಆ ಕಾಲದ ಚಿತ್ರ ಈಗ ಯಾರ ನಂಬರಿನಲ್ಲಿ ಇದೆಯೋ. ಮೊದಮೊದಲು ಅದನ್ನೇ ಯೋಚಿಸುತ್ತಿದ್ದೆ. ಯೋಚಿಸಿ ಮಾಡುವುದೇನಿದೆ? ಹುಡುಕುವ ದಾರಿ ಇದ್ದಿದ್ದರೆ ಹುಡುಕುತ್ತಿದ್ದೆ. ಎಲ್ಲರಿಗೂ ಹೇಳಿ ಹೆದರಿಸಿದರೆ ಸಾವಿರಾರು ಜನ ಸೂಜಿ ಚುಚ್ಚಿಸಿಕೊಳ್ಳಲು ಓಡುತ್ತಾರೆ ಎಂದು ಸರ್ ಹೇಳಿದರು. ಅದೂ ಯೋಚಿಸಬೇಕಾದ ಮಾತೇ.

ಸರ್ ನನಗೆ ಬಡ್ತಿ ಕೊಟ್ಟಿದ್ದಾರೆ. ಇನ್ನು ಮುಂದೆ ಎಲ್ಲ ಪರಿಶೀಲನೆಯೂ ನನ್ನ ಕೈಕೆಳಗೆ.

ಅಕ್ಟೋಬರ್ 8, ಬುಧವಾರ

ದಸರಾ ಮುಗಿದು ಊರು ಸುಸ್ತಾಗಿ ಮಲಗಿದೆ. ಕೆಲವು ರಸ್ತೆಗಳಲ್ಲಿ ದೀಪದ ಸರಗಳನ್ನು ಇನ್ನೂ ಬಿಚ್ಚಿಲ್ಲ, ಹಗಲಿನಲ್ಲಿ ಕಪ್ಪು ವೈರು ಜೋತಾಡುತ್ತಿರುತ್ತದೆ. ಅತ್ತೆ ಇವತ್ತು ಜಗುಲಿಯವರೆಗೆ ತಾವಾಗಿಯೇ ನಡೆದರು.

ಹನ್ನೊಂದರ ಹೊತ್ತಿಗೆ ಲಷ್ಕರ್ ಮೊಹಲ್ಲಾದ ಸೆಂಟರ್‌ನಿಂದ ಕೋರಿಕೆ ಬಂತು. ಪುಟ್ಟಮಾದಯ್ಯ ಎಂಬುವವರ ಎದೆಯಲ್ಲಿ ಹೊಸದಾಗಿ ಏನೋ ಕಂಡಿದೆ, ಎರಡು ವರ್ಷದ ಹಿಂದಿನ ಚಿತ್ರ ಇದ್ದರೆ ಬೇಗ ಕಳಿಸಿ ಎಂದು. ನಂಬರ್ ನೋಡಿದೆ. ಅದೇ ಕಂತು. ಪ್ರೋಗ್ರಾಂ ಓಡಿಸಿದೆ, ಹಸಿರು ಬಂತು. ಚಿತ್ರವನ್ನು ತೆರೆದು ನೋಡಲಿಲ್ಲ. ತೆರೆದಿದ್ದರೂ ಆ ಮನುಷ್ಯನ ಪಕ್ಕೆಲುಬಿನ ಕಥೆ ನನಗೇನು ಗೊತ್ತು? ಕಳಿಸಿದೆ.

ಸ್ವಲ್ಪ ಹೊತ್ತಿಗೆ ಅಲ್ಲಿಂದ ಫೋನು. ಅಮರ್‌ನ ಜಾಗಕ್ಕೆ ಹೊಸದಾಗಿ ಬಂದ ಮಂಜುಶ್ರೀ ಎಂಬ ಹುಡುಗಿ. ಹಿಂದೆ ಎದೆಯ ಚಿತ್ರ ಅದಲುಬದಲಾಗಿ ದೊಡ್ಡ ರಾದ್ಧಾಂತವಾಗಿತ್ತಂತೆ, ಹಾಗಾಗಿ ಖಚಿತ ಮಾಡಿಕೊಳ್ಳದೆ ಏನನ್ನೂ ಡಾಕ್ಟರಿಗೆ ಕೊಡಬಾರದೆಂದು ಮಾಲೀಕರು ಹೇಳಿದ್ದಾರಂತೆ. ಅವಳ ಹಿಂದೆ ಯಾರೋ ವಯಸ್ಸಾದವರು ಮಗನೊಡನೆ ಬಸ್ಸಿನ ಹೊತ್ತಿನ ಬಗ್ಗೆ ಮಾತಾಡುತ್ತಿದ್ದದ್ದು ಕೇಳಿಸುತ್ತಿತ್ತು.

"ಮೇಡಂ, ಅವ್ರು ಇಲ್ಲೇ ಕೂತವ್ರೆ. ಡಾಕ್ಟ್ರು ಕೇಳ್ತಾವ್ರೆ. ಈ ಫೋಟೋ ಇವ್ರದೇ ತಾನೇ?"

"ಅವರದೇ," ಎಂದೆ.